ಮೂಲೆಗೆ ಹಗ್ಗ, ಅಂಚಿಗೆ ರಬ್ಬರ್: ದೋಣಿ, ಗಾಡಿಗಳ ಟರ್ಪಾಲು ಕಟ್ಟುವ ಬಗೆ

ಮೇ ತಿಂಗಳ ಕೊನೆಯ ವಾರ ನಮ್ಮ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಮೀನುಗಾರಿಕೆಗೆ ಕಡಲಿಗೆ ಇಳಿಯುವಂತಿಲ್ಲ. ಬಂದರಿನಲ್ಲಿ ನಿಂತ ಬೋಟಿಗೂ ಹೊದಿಕೆ ಬೇಕು, ದಡಕ್ಕೆ ಎಳೆದಿಟ್ಟ ಸಣ್ಣ ಫೈಬರ್ ದೋಣಿಗೂ ಬೇಕು. ಅದರ ಜೊತೆಗೆ ಲಾರಿ, ಪಿಕಪ್, ಅಂಗಳದ ಕಾರು. ಕುಂದಾಪುರದಲ್ಲಿ ಟರ್ಪಾಲು ಹೊಲಿಯುವ ನಮಗೆ ಅಪ್ಪಯ್ಯನ ಕಾಲದಿಂದಲೂ ಇದೇ ಸುಗ್ಗಿ.

ಬಂದವರೆಲ್ಲ ಟರ್ಪಾಲಿನ ದಪ್ಪ ಕೇಳುತ್ತಾರೆ. ಎಷ್ಟು ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ), ಎಷ್ಟು ವರ್ಷ ಬಾಳಿಕೆ, ಎಲ್ಲ ಕೇಳುತ್ತಾರೆ. ಯಾವುದರಲ್ಲಿ ಕಟ್ಟಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಜುಲೈ ಹೊತ್ತಿಗೆ ಅದೇ ಟರ್ಪಾಲು ವಾಪಸ್ ಬರುತ್ತದೆ. "ಒಂದು ತಿಂಗಳೂ ಬರ್ಲಿಲ್ಲ ಮರಾಯ್ರೆ" ಅನ್ನುತ್ತಾರೆ. ಅಂಚು ಬಿಡಿಸಿ ಬೆಳಕಿಗೆ ಹಿಡಿದರೆ ಬಟ್ಟೆ ಗಟ್ಟಿಯಾಗಿಯೇ ಇರುತ್ತದೆ. ಕಿತ್ತುಹೋಗಿರುವುದು ಐಲೆಟ್, ಅಂದರೆ ಅಂಚಿನಲ್ಲಿ ಕೂರಿಸಿದ ಲೋಹದ ಕಣ್ಣು. ಅದರ ಸುತ್ತ ಬಟ್ಟೆ ಬಾಯಿ ಬಿಟ್ಟಿರುತ್ತದೆ. ಸುತ್ತಲೂ ನೈಲಾನ್ ಹಗ್ಗ ಹಾಕಿ ಬಿಗಿಯಾಗಿ ಕಟ್ಟಿದವರ ಟರ್ಪಾಲುಗಳೇ ಹೀಗೆ ಜಾಸ್ತಿ ಬರುತ್ತವೆ.

ಆಗುವುದು ಇಷ್ಟೇ. ಮಳೆಗಾಲದ ಗಾಳಿ ಒಂದೇ ಸಮನೆ ಬೀಸುವುದಿಲ್ಲ, ಜಗ್ಗಿ ಜಗ್ಗಿ ಬೀಸುತ್ತದೆ. ಪ್ರತಿ ಜಗ್ಗಿಗೂ ಟರ್ಪಾಲು ಉಬ್ಬುತ್ತದೆ. ಬಿಗಿದ ಹಗ್ಗ ಒಂದಿಷ್ಟೂ ಬಿಟ್ಟುಕೊಡುವುದಿಲ್ಲ. ಆ ಪೆಟ್ಟೆಲ್ಲ ಒಂದು ಐಲೆಟ್ ಮೇಲೆ ಬೀಳುತ್ತದೆ. ಅದು ಕಿತ್ತಿತು ಅಂದರೆ ಅದರ ಪಾಲು ಪಕ್ಕದ್ದರ ಮೇಲೆ. ಹೀಗೆ ಒಂದು ರಾತ್ರಿಯಲ್ಲಿ ಒಂದು ಬದಿಯೇ ಹೋಗಿಬಿಡುತ್ತದೆ. ಅದೇ ಜಾಗದಲ್ಲಿ ರಬ್ಬರ್ ಇದ್ದರೆ ಸ್ವಲ್ಪ ಹಿಗ್ಗಿ, ಪೆಟ್ಟು ತಿಂದು, ಮತ್ತೆ ಎಳೆದುಕೊಳ್ಳುತ್ತದೆ.

ಹಾಗಂತ ಸುತ್ತಲೂ ರಬ್ಬರ್ ಹಾಕಿದರೂ ತಪ್ಪೇ. ಇಡೀ ಹೊದಿಕೆ ಎದ್ದೆದ್ದು ಬೀಳುತ್ತದೆ, ಪಕ್ಕಕ್ಕೆ ಸರಿಯುತ್ತದೆ, ಕೆಳಗಿನ ಬಣ್ಣ ಉಜ್ಜಿ ತೆಗೆಯುತ್ತದೆ. ಅದಕ್ಕೇ ನಾಲ್ಕು ಮೂಲೆಗೆ ಹಗ್ಗ, ನಡುವಿನ ಅಂಚಿಗೆಲ್ಲ ರಬ್ಬರ್. ಹಗ್ಗ ಹೊದಿಕೆಯನ್ನು ಜಾಗ ಬಿಟ್ಟು ಅಲುಗಾಡದಂತೆ ಇಡುತ್ತದೆ, ಗಾಳಿಯ ಪೆಟ್ಟನ್ನು ರಬ್ಬರ್ ನೋಡಿಕೊಳ್ಳುತ್ತದೆ. ಅಂಗಡಿಗೆ ಬಂದವರಿಗೆಲ್ಲ ನಾನು ಹೇಳುವುದು ಇದನ್ನೇ.

ಯಾವ ರಬ್ಬರ್? ಬೈಕಿನವರು ಲಗೇಜಿಗೆ ಹಾಕುವ ಬಂಜಿ ಹಗ್ಗ ಎಲ್ಲರಿಗೂ ಗೊತ್ತು. ಒಳಗೆ ಸಣ್ಣ ಸಣ್ಣ ರಬ್ಬರ್ ಎಳೆಗಳು, ಹೊರಗೆ ಹೆಣೆದ ನೂಲಿನ ಕವಚ, ಎರಡು ತುದಿಗೆ ಕೊಕ್ಕೆ. ಕವಚ ಪಾಲಿಯೆಸ್ಟರ್ ಆಗಿದ್ದರೆ ನೈಲಾನಿಗಿಂತ ಬಿಸಿಲಿಗೆ ಚೆನ್ನಾಗಿ ತಡೆಯುತ್ತದೆ. ಕಡಲ ಬದಿಯಲ್ಲಿ ಮೊದಲು ಕೆಡುವುದು ಕೊಕ್ಕೆ. ಬರೀ ಬಣ್ಣ ಬಳಿದ ಕಬ್ಬಿಣದ ಕೊಕ್ಕೆ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಟರ್ಪಾಲಿನ ಮೇಲೆಲ್ಲ ಕಂದು ಕಲೆ ಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲೂ 304 ಅನ್ನುವ ದರ್ಜೆಗಿಂತ 316 ದರ್ಜೆ ಉಪ್ಪು ಗಾಳಿಗೆ ಒಳ್ಳೆಯದು. ಕೊಕ್ಕೆಯೇ ಇಲ್ಲದ ಇನ್ನೊಂದು ಬಗೆ ಇದೆ: ರಬ್ಬರ್ ಕುಣಿಕೆ, ಅದರ ತುದಿಗೆ ಒಂದು ಪ್ಲಾಸ್ಟಿಕ್ ಗುಂಡು. ಕುಣಿಕೆಯನ್ನು ಐಲೆಟ್‌ಗೆ ತೂರಿಸಿ, ಪೈಪಿಗೆ ಒಂದು ಸುತ್ತು ತಂದು, ಗುಂಡಿಗೆ ಸಿಕ್ಕಿಸಿದರೆ ಆಯಿತು. ಮಕ್ಕಳಿರುವ ಮನೆಗೆ ನಾನು ಇದನ್ನೇ ಕೊಡುತ್ತೇನೆ.

ಆದರೆ ನನ್ನ ಮೆಚ್ಚಿನದು ಹಳೆ ಟ್ಯೂಬು. ಲಾರಿ, ಕಾರುಗಳ ಟ್ಯೂಬು ಹೆಚ್ಚಾಗಿ ಬ್ಯೂಟೈಲ್ ಅನ್ನುವ ಕೃತಕ ರಬ್ಬರಿನದು. ಅದು ಸಾದಾ ರಬ್ಬರಿನಷ್ಟು ಚುರುಕಾಗಿ ಹಿಂದಕ್ಕೆ ಎಳೆಯುವುದಿಲ್ಲ, ನಿಜ. ಆದರೆ ಬಿಸಿಲು, ಗಾಳಿಗೆ ಅದಕ್ಕಿಂತ ಹೆಚ್ಚು ತಡೆಯುತ್ತದೆ. ಸಾದಾ ರಬ್ಬರನ್ನು ಎಳೆದು ಹೊರಗೆ ಬಿಟ್ಟರೆ ಗಾಳಿಯ ಓಝೋನ್ ತಾಗಿ ಅಡ್ಡಡ್ಡಕ್ಕೆ ಸಣ್ಣ ಬಿರುಕು ಏಳುತ್ತವೆ. ದುಡ್ಡು ಖರ್ಚಾದರೂ ಪರವಾಗಿಲ್ಲ ಅನ್ನುವವರು ಇಪಿಡಿಎಂ ಅನ್ನುವ ಇನ್ನೊಂದು ಕೃತಕ ರಬ್ಬರಿನ ಪಟ್ಟಿ ಕೇಳಿ ತನ್ನಿ, ಬಿಸಿಲಿಗೆ ಅದು ಇನ್ನೂ ಗಟ್ಟಿ.

ಟ್ಯೂಬು ಕತ್ತರಿಸುವುದನ್ನು ಸರಿಯಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲೇ ಜನ ಅವಸರ ಮಾಡುತ್ತಾರೆ. ಪಂಕ್ಚರ್ ಅಂಗಡಿಯಲ್ಲಿ ಲಾರಿಯ ಹಳೆ ಟ್ಯೂಬು ಕೇಳಿ. ವಾಲ್ವ್ ಇರುವ ಕಡೆ ಒಂದು ಗೇಣು ಕತ್ತರಿಸಿ ಬಿಸಾಡಿ. ಪ್ಯಾಚ್ ಹಾಕಿದ ಜಾಗವೂ ಬೇಡ. ಒಳಗೆ ಬಿಳಿ ಪುಡಿ ಇರುತ್ತದೆ, ಸೋಪು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಆಮೇಲೆ ಟ್ಯೂಬನ್ನು ಹಲಗೆಯ ಮೇಲೆ ಚಪ್ಪಟೆಯಾಗಿ ಹಾಸಿ, ಎರಡು ಬೆರಳಗಲಕ್ಕೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಹಾಕಿ. ದೊಡ್ಡ ಕತ್ತರಿಯಲ್ಲಿ ಒಂದೇ ಓಟಕ್ಕೆ ಕತ್ತರಿಸಿ. ಒಂದೊಂದು ತುಂಡೂ ಬಳೆಯ ಹಾಗೆ ಉಂಗುರವಾಗಿ ಬರುತ್ತದೆ. ಕತ್ತರಿ ನಿಲ್ಲಿಸಿ ನಿಲ್ಲಿಸಿ ಹೊಡೆದರೆ ಅಂಚಿನಲ್ಲಿ ಸಣ್ಣ ಹಲ್ಲು ಉಳಿಯುತ್ತದೆ. ರಬ್ಬರ್ ಹರಿಯಲು ಶುರುವಾಗುವುದು ಆ ಹಲ್ಲಿನಿಂದಲೇ. ಅದಕ್ಕೆ ಪ್ರತಿ ಉಂಗುರದ ಅಂಚಿಗೂ ಹೆಬ್ಬೆರಳು ಆಡಿಸಿ ನೋಡುತ್ತೇನೆ. ಎಲ್ಲಾದರೂ ತಡೆದರೆ ಆ ಉಂಗುರ ಬೇರೆ ಕೆಲಸಕ್ಕೆ.

ಈ ಉಂಗುರಕ್ಕೆ ಗಂಟು ಹಾಕಬೇಡಿ. ಗಂಟು ಜಾರುತ್ತದೆ, ಇಲ್ಲವೇ ಗಂಟಿನ ಬುಡದಲ್ಲೇ ಹರಿಯುತ್ತದೆ. ಐಲೆಟ್‌ನಲ್ಲಿ ಗೇಣುದ್ದದ ತೆಳು ಹಗ್ಗದ ಕುಣಿಕೆ ಮಾಡಿಡಿ. ಉಂಗುರದ ಒಂದು ತುದಿಯನ್ನು ಆ ಕುಣಿಕೆಗೆ ತೂರಿಸಿ, ಇನ್ನೊಂದು ತುದಿಯನ್ನು ಅದೇ ಉಂಗುರದ ಒಳಗಿಂದ ಎಳೆಯಿರಿ. ತಾನೇ ಬಿಗಿದುಕೊಳ್ಳುತ್ತದೆ. ಕೆಳಗಿನ ತುದಿಯನ್ನು ದೋಣಿಯ ತಳದಿಂದ ಬರುವ ಹಗ್ಗದ ಕುಣಿಕೆಯೊಳಗೆ (ಅದನ್ನು ಮುಂದೆ ಹೇಳುತ್ತೇನೆ) ತೂರಿಸಿ, ಹೊರಬಂದ ರಬ್ಬರಿನ ಕಿವಿಗೆ ಹೆಬ್ಬೆರಳು ಗಾತ್ರದ ಬಿದಿರಿನ ಕಡ್ಡಿ ಅಡ್ಡ ಸಿಕ್ಕಿಸಿ. ಬಿಚ್ಚುವಾಗ ಕಡ್ಡಿ ಎಳೆದರೆ ಸಾಕು. ಲೋಹವಿಲ್ಲ, ತುಕ್ಕಿಲ್ಲ, ಕಣ್ಣಿಗೆ ಬಡಿಯುವ ಕೊಕ್ಕೆಯೂ ಇಲ್ಲ.

ಎಷ್ಟು ಎಳೆಯಬೇಕು ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಸುಮ್ನೆ ಬಿಟ್ಟಾಗ 20 ಸೆಂಟಿಮೀಟರ್ ಇರುವ ರಬ್ಬರ್ ಕಟ್ಟಿದ ಮೇಲೆ 30 ಆಗಿರಲಿ. ಒಂದೂವರೆ ಪಟ್ಟು, ಅಷ್ಟೇ. ಈಗಲೇ ಎರಡು ಪಟ್ಟು ಎಳೆದುಬಿಟ್ಟರೆ ಗಾಳಿ ಬಂದಾಗ ಹಿಗ್ಗಲು ಏನೂ ಉಳಿದಿರುವುದಿಲ್ಲ. ಆಗ ಅದೂ ಹಗ್ಗದ ಹಾಗೆಯೇ.

ಈಗ ದೋಣಿ. ಗಂಗೊಳ್ಳಿಯಲ್ಲಿ ನಮ್ಮ ಭಾವನ 18 ಅಡಿಯ ಫೈಬರ್ ದೋಣಿ ಇದೆ. ಅದಕ್ಕೆ 24 ಅಡಿ ಉದ್ದ, 12 ಅಡಿ ಅಗಲದ ಟರ್ಪಾಲು. ಮೂರು ಅಡಿಗೊಂದು ಐಲೆಟ್. ಉದ್ದದ ಒಂದು ಬದಿಗೆ ಒಂಬತ್ತು ಐಲೆಟ್ ಬರುತ್ತದೆ, ಅದರಲ್ಲಿ ಎರಡು ಮೂಲೆಯವು. ಉಳಿದ ಏಳಕ್ಕೆ ರಬ್ಬರ್. ಎರಡು ಬದಿ ಸೇರಿ ಹದಿನಾಲ್ಕು ಉಂಗುರ. ದೋಣಿಯನ್ನು ತೆಂಗಿನ ದಿಮ್ಮಿಯ ಮೇಲೆ ಕೂರಿಸಿರುವುದರಿಂದ ತಳದಲ್ಲಿ ಸಂದಿ ಇದೆ. ಆ ಸಂದಿಯಲ್ಲಿ ಏಳು ಹಗ್ಗ ಅಡ್ಡಕ್ಕೆ ಹಾಯಿಸಿ, ಪ್ರತಿ ಹಗ್ಗದ ಎರಡು ತುದಿಗೂ ಕುಣಿಕೆ ಮಾಡಿದ್ದೇವೆ. ಈ ಬದಿಯ ರಬ್ಬರ್ ಈ ಕುಣಿಕೆಗೆ, ಆ ಬದಿಯದು ಆ ಕುಣಿಕೆಗೆ. ಟರ್ಪಾಲಿನ ಎರಡು ಬದಿಯೂ ಒಂದನ್ನೊಂದು ದೋಣಿಯ ಹೊಟ್ಟೆಯ ಕೆಳಗಿಂದ ಹಿಡಿದುಕೊಂಡಿರುತ್ತವೆ. ದೋಣಿಗೆ ಒಂದು ಮೊಳೆಯೂ ಬೇಡ.

ಇದನ್ನೆಲ್ಲ ಕಟ್ಟುವ ಮೊದಲು ನಡುವೆ ಉದ್ದಕ್ಕೆ ಒಂದು ಬಿದಿರು ಎತ್ತರಿಸಿ ಕಟ್ಟಲೇಬೇಕು. ಮನೆಯ ಮಾಡಿನ ಹಾಗೆ ಎರಡು ಕಡೆಗೂ ಇಳಿಜಾರು ಬರಬೇಕು. ಒಂದು ವರ್ಷ ಸಂಜೆಯಾಯಿತು ಅಂತ ನಾನೇ ಬಿದಿರು ಕಟ್ಟದೆ ಬಂದೆ, ನಾಳೆ ಕಟ್ಟಿದರಾಯಿತು ಅಂದುಕೊಂಡೆ. ರಾತ್ರಿಯಿಡೀ ಹೊಯ್ದಿತು. ಬೆಳಿಗ್ಗೆ ಹೋಗಿ ನೋಡಿದರೆ ದೋಣಿಯ ನಡುವೆ ಟರ್ಪಾಲು ಕೆರೆಯಾಗಿತ್ತು. ಹದಿನಾಲ್ಕೂ ಉಂಗುರ ತಾಳೆಗರಿಯಷ್ಟು ತೆಳ್ಳಗೆ ಎಳೆದುಕೊಂಡಿದ್ದವು. ನೀರು ಖಾಲಿ ಮಾಡಿದ ಮೇಲೂ ಅವು ಮೊದಲಿನ ಅಳತೆಗೆ ಬರಲೇ ಇಲ್ಲ. ಒಳಗಿನ ಅಡ್ಡಹಲಗೆ ಒಂದು ಸೀಳಿತ್ತು. ಭಾವ ಏನೂ ಅನ್ನಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು.

ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು, ಅಂದರೆ ಒಂದು ಕಿಲೋ. ಆ ಟರ್ಪಾಲು ಸುಮಾರು 27 ಚದರ ಮೀಟರ್. 100 ಮಿಲಿಮೀಟರ್ ಸುರಿದರೆ 2,700 ಲೀಟರ್ ಅದರ ಮೇಲೆ ಬೀಳುತ್ತದೆ. ಹತ್ತರಲ್ಲಿ ಒಂದು ಪಾಲು ನಿಂತರೂ 270 ಕಿಲೋ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಹಾಗಾಗಿ ನೀರು ನಿಲ್ಲದ ಹಾಗೆ ಮಾಡುವುದು ಮೊದಲ ಕೆಲಸ, ಕಟ್ಟುವುದು ಎರಡನೆಯದು. ದೋಣಿಯ ತಳದಲ್ಲಿ ನೀರು ಹೋಗುವ ಬಿರಡೆ ಇದ್ದರೆ ಅದನ್ನು ತೆಗೆದಿಡಿ. ಮುಂದೆ, ಹಿಂದೆ ಗಾಳಿಯಾಡಲು ಸ್ವಲ್ಪ ಬಾಯಿ ಬಿಡಿ. ಪೂರ್ತಿ ಮುಚ್ಚಿದರೆ ಒಳಗೆಲ್ಲ ಬೂಸ್ಟು.

ಕಪ್ಪು ಟ್ಯೂಬು ಬಿಳಿ ಫೈಬರ್ ಮೇಲೆ ಕಲೆ ಬಿಡುತ್ತದೆ ಅನ್ನುವುದು ನೆನಪಿರಲಿ. ರಬ್ಬರ್ ತಾಗುವ ಕಡೆ ಹಳೆ ಪಂಚೆಯ ತುಂಡು ಸುತ್ತಿಡಿ.

ಐಲೆಟ್ ಕಿತ್ತುಹೋಗಿದ್ದರೆ ಟರ್ಪಾಲು ಎಸೆಯುವುದು ಬೇಡ. ಹೊಳೆಯಲ್ಲಿ ಸಿಗುವ ನುಣುಪಾದ ಕಲ್ಲು, ನೆಲ್ಲಿಕಾಯಿ ಗಾತ್ರದ್ದು ಸಾಕು, ಹರಿದ ಜಾಗಕ್ಕಿಂತ ಒಂದು ಗೇಣು ಒಳಗೆ ಟರ್ಪಾಲಿನ ಅಡಿಯಿಂದ ಇಡಿ. ಮೇಲಿಂದ ಬಟ್ಟೆಯ ಜೊತೆಗೇ ಕಲ್ಲನ್ನು ಹಿಡಿದು, ಅದರ ಕುತ್ತಿಗೆಗೆ ಹಗ್ಗ ಸುತ್ತಿ ಕಟ್ಟಿ. ಅದೇ ಹೊಸ ಐಲೆಟ್. ತೂತು ಮಾಡದೆ ಹಿಡಿಯುವುದರಿಂದ ಎಷ್ಟೋ ಸಲ ಇದು ಹಳೆಯದಕ್ಕಿಂತ ಹೆಚ್ಚು ದಿನ ಬರುತ್ತದೆ.

ಕೊಕ್ಕೆ ಇರುವ ಬಂಜಿ ಹಗ್ಗದ ಬಗ್ಗೆ ಒಂದು ಮಾತು. ನನ್ನ ಎಡ ಹುಬ್ಬಿನ ಕೆಳಗೆ ಒಂದು ಗೆರೆ ಇದೆ. ಪಿಕಪ್ ಒಂದಕ್ಕೆ ಟರ್ಪಾಲು ಹಾಕಿ ಕೊಕ್ಕೆಯನ್ನು ನನ್ನ ಕಡೆಗೆ ಎಳೆಯುತ್ತಿದ್ದೆ. ಆ ಬದಿಯ ಕೊಕ್ಕೆ ಜಾರಿತು. ಶಬ್ದ ಕೇಳಿದ್ದಷ್ಟೇ ಗೊತ್ತು. ಅರ್ಧ ಇಂಚು ಕೆಳಗೆ ಬಡಿದಿದ್ದರೆ ಆ ಕಣ್ಣು ಇರುತ್ತಿರಲಿಲ್ಲ. ಅವತ್ತಿನಿಂದ ಕನ್ನಡಕ ಹಾಕದೆ ನಾನು ಕೊಕ್ಕೆ ಎಳೆಯುವುದಿಲ್ಲ. ಅಂಗಡಿಯ ಹುಡುಗರಿಗೂ ಬಿಡುವುದಿಲ್ಲ. ಮುಖ ರಬ್ಬರಿನ ನೇರಕ್ಕೆ ಇರಬಾರದು. ಪಕ್ಕಕ್ಕೆ ನಿಂತು ಎಳೆಯಿರಿ. ಕಷ್ಟದ ಕಡೆಯ ಕೊಕ್ಕೆ ಮೊದಲು ಹಾಕಿ, ಸುಲಭದ ಕಡೆ ಆಮೇಲೆ. ಐಲೆಟ್‌ಗೆ ಹಾಕುವಾಗ ಒಳಗಿಂದ ಹೊರಕ್ಕೆ ಹಾಕಿ, ಮೊನೆ ಹೊರಮುಖವಾಗಿದ್ದರೆ ಗಾಡಿಯ ಬಣ್ಣ ಗೀಚುವುದಿಲ್ಲ.

ಓಡುವ ಗಾಡಿಯ ವಿಷಯ ಬೇರೆ. ಅಲ್ಲಿ ರಬ್ಬರ್ ಹಿಡಿಯಬೇಕಾದದ್ದು ಹೊದಿಕೆಯನ್ನು ಮಾತ್ರ. ಸರಕನ್ನು ಹಿಡಿಯುವುದಕ್ಕೆ ಹಗ್ಗ ಅಥವಾ ಬೆಲ್ಟ್ ಬೇಕೇ ಬೇಕು. ಬ್ರೇಕ್ ಹಾಕಿದಾಗ ರಬ್ಬರ್ ಹಿಗ್ಗುತ್ತದೆ, ಸರಕು ಮುಂದೆ ಬರುತ್ತದೆ. ಎರಡು ಟರ್ಪಾಲು ಹಾಕುವುದಾದರೆ ಮುಂದಿನದರ ಅಂಚು ಹಿಂದಿನದರ ಮೇಲೆ ಬರಲಿ, ಇಲ್ಲದಿದ್ದರೆ ಎದುರುಗಾಳಿ ಒಳಗೆ ನುಗ್ಗುತ್ತದೆ. ಹತ್ತು ಕಿಲೋಮೀಟರ್ ಹೋದ ಮೇಲೆ ಒಂದು ಸಲ ಇಳಿದು ಸುತ್ತ ನೋಡಿ.

ಅಂಗಳದ ಕಾರಿಗೆ ಸೈಕಲ್ ಟ್ಯೂಬು ಸಾಕು. 26 ಇಂಚಿನ ಟ್ಯೂಬನ್ನು ವಾಲ್ವ್ ಹತ್ತಿರ ಕತ್ತರಿಸಿದರೆ ಸುಮಾರು ಎರಡು ಮೀಟರ್ ಉದ್ದ ಸಿಗುತ್ತದೆ. ಕಾರಿನ ಕವರ್ ಹೊಟ್ಟೆಯ ಕಡೆ ಗಾಳಿಗೆ ಏಳುತ್ತದಲ್ವಾ, ಅಲ್ಲಿ ಅಡಿಯಿಂದ ಹಾಯಿಸಿ ಎರಡು ಬದಿ ಕಟ್ಟಿ. ಅಡಿಯಲ್ಲಿ ತೆವಳುವುದು ಬೇಡ. ಹಗ್ಗದ ತುದಿಗೆ ಅರ್ಧ ನೀರು ತುಂಬಿದ ಬಾಟಲಿ ಕಟ್ಟಿ ಆ ಬದಿಗೆ ಉರುಳಿಸಿ, ಅದರ ಹಿಂದೆ ಟ್ಯೂಬು ಎಳೆದುಕೊಳ್ಳಿ. ಸೈಲೆನ್ಸರ್ ಪೂರ್ತಿ ಆರಿರಬೇಕು. ಕಾರಿನ ಮೇಲೆ ಧೂಳು ಇದ್ದರೆ ಒರೆಸಿಯೇ ಕವರ್ ಹಾಕಿ. ಕಟ್ಟಿದ್ದು ಮರೆಯದಂತೆ ಸ್ಟೀರಿಂಗ್‌ಗೆ ಒಂದು ಕೆಂಪು ಬಟ್ಟೆ ಕಟ್ಟಿಡಿ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಉಂಗುರಗಳನ್ನು ಮುಟ್ಟಿ ನೋಡಿ. ಹೆಬ್ಬೆರಳಿನ ಮೇಲೆ ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೆ ಅವತ್ತೇ ಬದಲಿಸಿ. ಬಂಜಿ ಹಗ್ಗವಾದರೆ ಹೊಸದರಲ್ಲೇ ಅದರ ಉದ್ದವನ್ನು ಗೋಡೆಯ ಮೇಲೆ ಗೆರೆ ಹಾಕಿ ಗುರುತಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ಗೆರೆ ದಾಟಿ ಜೋತರೆ ಅದರ ಒಳಗಿನ ಎಳೆ ಹೋಗಿದೆ. ಡೀಸೆಲ್, ಪೆಟ್ರೋಲ್, ಗ್ರೀಸ್ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಇಂಜಿನ್ ಹತ್ತಿರ ಇಡಬೇಡಿ. ಆಗಸ್ಟಿನಲ್ಲಿ ದೋಣಿ ಇಳಿಸುವಾಗ ಎಲ್ಲವನ್ನೂ ಬಾವಿ ನೀರಲ್ಲಿ ಉಪ್ಪು ಹೋಗುವಂತೆ ತೊಳೆದು, ನೆರಳಲ್ಲಿ ಒಣಗಿಸಿ, ಸ್ವಲ್ಪ ಪೌಡರ್ ಹಚ್ಚಿ ಗೋಣಿಯಲ್ಲಿ ಹಾಕಿಡಿ. ಎಳೆದು ಸಿಕ್ಕಿಸಿ ಇಡಬೇಡಿ. ಭಾವನ ಮನೆಯ ಅಟ್ಟದಲ್ಲಿ ಅಂಥ ಒಂದು ಗೋಣಿ ಇದೆ. ಬಿದಿರಿನ ಹದಿನಾಲ್ಕು ಕಡ್ಡಿಗಳೂ ಅದರೊಳಗೇ ಇವೆ.