ಬಾಣಂತಿಯರು ಅಂಗನವಾಡಿ ಊಟಕ್ಕೆ ಬಂದಿದ್ದು ಹೆಂಗೆ: ನನ್ನ ಅನುಭವ

ಮಾತೃಪೂರ್ಣ ಅಂದ್ರೆ ಗರ್ಭಿಣಿ ಬಾಣಂತಿಯರು ಅಂಗನವಾಡಿಗೇ ಬಂದು ಮಧ್ಯಾಹ್ನ ಊಟ ಮಾಡೋ ಸರ್ಕಾರದ ಯೋಜನೆ. ಆ ಊಟಕ್ಕೆ ಗರ್ಭಿಣಿಯರಾದ್ರೂ ಬಂದಾರು, ಬಾಣಂತಿಯರು ಮಾತ್ರ ಸತ್ರೂ ಬರಲ್ಲ ಅಂತ ಸುತ್ತಲ ಅಂಗನವಾಡಿಯೋರೆಲ್ಲಾ ಸೇರೋ ನಮ್ಮ ಸರ್ಕಲ್ ಮೀಟಿಂಗಲ್ಲಿ ಪ್ರತಿ ಸಲಾನೂ ಹೇಳೋರು. ನಮ್ಮ ಸೆಂಟರ್‌ನಲ್ಲಿ ಈಗ ಬರ್ತಿದಾರೆ. ಹೆಂಗೆ ಅಂತ ಸುಮಾರು ಜನ ಅಂಗನವಾಡಿ ಟೀಚರ್‌ಗಳು ಫೋನ್ ಮಾಡಿ ಕೇಳಿದ್ರು, ಒಬ್ಬೊಬ್ಬರಿಗೂ ಹೇಳೋ ಬದ್ಲು ಇಲ್ಲೇ ಬರೀತೀನಿ. ರಿಜಿಸ್ಟರ್, ಪೋಷಣ್ ಟ್ರ್ಯಾಕರ್ ಆ್ಯಪ್ ಎಂಟ್ರಿ ಎಲ್ಲಾ ನಿಮಗೂ ಗೊತ್ತಿರೋದೇ, ಅದರ ಬಗ್ಗೆ ಬರೆಯಲ್ಲ.

ನಮ್ದು ಮಧುಗಿರಿ ತಾಲೂಕು. ಈ ಊಟ ರಾಜ್ಯಕ್ಕೆಲ್ಲಾ 2017ರ ಅಕ್ಟೋಬರ್ 2ಕ್ಕೆ ಶುರುವಾಯ್ತು, ನಮ್ಮ ತಾಲೂಕಲ್ಲಿ ಅದಕ್ಕೂ ಮುಂಚೇನೇ ಪ್ರಯೋಗ ಅಂತ ಮಾಡಿದ್ರು, ಹಂಗಾಗಿ ಇದರ ಕಷ್ಟಾನೂ ನಾವೇ ಮೊದ್ಲು ನೋಡಿದ್ದು. ಲಿಸ್ಟಲ್ಲಿ ಹದಿನೈದು ಹದಿನಾರು ಜನ ಇದ್ರೆ ಗರ್ಭಿಣಿಯರು ನಾಲ್ಕೈದು ಜನ ಬರೋರು, ಬಾಣಂತಿ ಒಬ್ರೂ ಇಲ್ಲ. ಮನೆಯೋರು ಹೇಳೋದು ಇದೇ: ಮೂರು ತಿಂಗಳು ಹೊಸಿಲು ದಾಟಂಗಿಲ್ಲ, ಗಾಳಿ ಆಗುತ್ತೆ, ಸಾಂಬಾರ್ ತಿಂದ್ರೆ ಮಗೂಗೆ ಹೊಟ್ಟೆನೋವು, ಮೊಟ್ಟೆ ನಂಜು, ಹಾಲು ಶೀತ. ಹೆರಿಗೆ ಆಗಿ ಆರು ತಿಂಗಳು ಊಟ ಕೊಡ್ತಾರೆ, ಅದ್ರಲ್ಲಿ ಮೂರು ತಿಂಗಳು ಹಿಂಗೇ ಹೋದ್ರೆ ಅರ್ಧ ಹೋದಂಗೆ ತಾನೆ? ಆ ಮೂರು ತಿಂಗಳು ಮನೇಲಿ ಅವರಿಗೆ ಸಿಗೋದು ಬರೀ ಮೆಣಸಿನ ಸಾರು ಅನ್ನ, ಕೆಲವು ಮನೇಲಿ ನೀರೂ ಅಳತೆ ಮಾಡಿ ಕೊಡ್ತಾರೆ. ಎದೆಹಾಲು ಎಲ್ಲಿಂದ ಬರ್ಬೇಕು ಅಂತ ನನಗೆ ಹೊಟ್ಟೆ ಉರಿಯೋದು.

ಏನೇನು ಮಾಡಿ ನೋಡಿದೆ ಅಂದ್ರೆ, ಮೊದ್ಲು ಮನೆಮನೆಗೆ ಹೋಗಿ ತಾಯಿ ಮಗುವಿನ ಆರೋಗ್ಯ ಬರೆಯೋ ತಾಯಿ ಕಾರ್ಡ್ ತೋರ್ಸಿ ಹೇಳಿದ್ದು. ಕಾಫಿ ಕೊಟ್ಟು ಹೂಂ ಹೂಂ ಅಂದು ಕಳಿಸೋರು, ಬರೋರಲ್ಲ. ಆಮೇಲೆ ಕ್ಯಾರಿಯರ್‌ನಲ್ಲಿ ಕಳಿಸಿದೆ, ಊಟ ಏನೋ ಮನೆಗೆ ಹೋಯ್ತು, ಮೊಟ್ಟೆ ದೊಡ್ಡ ಮಗನ ತಟ್ಟೆಗೆ, ಚಿಕ್ಕಿ ಮನೆ ಮಕ್ಕಳಿಗೆಲ್ಲಾ ಹಂಚಿಕೆ, ಬಾಣಂತಿಗೆ ಅದೇ ಸಾರು. ಊರಾಚೆ ತೋಟದ ಮನೆಯೋರಿಗೆ ಅಂತ ಆಟೋನೂ ಮಾಡ್ದೆ, ತಿಂಗಳಿಗೆ ಆರ್ನೂರೋ ಏಳ್ನೂರೋ ನನ್ನ ಗೌರವಧನದಿಂದಾನೇ ಹೋಯ್ತು, ಬಂದಿದ್ದು ಇಬ್ರು. ಎರಡು ತಿಂಗಳಿಗೆ ನಿಲ್ಸಿದೆ. ಕೊರೋನಾ ಟೈಮಲ್ಲಿ ರೇಷನ್ ಮನೆಗೇ ಹೋಗ್ತಿತ್ತಲ್ಲ, ಅದಾದ್ಮೇಲಂತೂ ಗರ್ಭಿಣಿಯರೂ ಬರೋದು ಕಮ್ಮಿ ಆದ್ರು, ಅಕ್ಕಿ ಬೇಳೆ ಕೊಟ್ಬಿಡಿ ಟೀಚರ್ ನಾವೇ ಬೇಯ್ಸ್ಕೊತೀವಿ ಅನ್ನೋರು.

ಕೊನೆಗೆ ನಾನು ಸೊಸೆಯರನ್ನ ಕರೆಯೋದು ಬಿಟ್ಟು ಅತ್ತೆಯರನ್ನ ಕರೆದೆ. ಬಾಣಂತಿಗೆ ನೀವು ಏನು ಮಾಡಿ ಹಾಕ್ತೀರಾ ಅಮ್ಮ, ನಮ್ಮ ಸಹಾಯಕಿಗೆ ಸ್ವಲ್ಪ ಹೇಳ್ಕೊಡಿ ಅಂದೆ. ಬುದ್ಧಿ ಹೇಳೋಕೆ ಕರೆದ್ರೆ ಬರದೇ ಇದ್ದೋರು ಹೇಳ್ಕೊಡೋಕೆ ಅಂದ್ರೆ ಬಂದ್ರು. ಮೆಣಸು, ಜೀರಿಗೆ, ಬೆಳ್ಳುಳ್ಳಿ, ತೊಗರಿಬೇಳೆ ಕಟ್ಟು, ಸಬ್ಬಸಿಗೆ ಸೊಪ್ಪಿನ ಪಲ್ಯ. ಯೋಚನೆ ಮಾಡಿ ನೋಡಿ, ಇದ್ರಲ್ಲಿ ನಮ್ಮ ಹತ್ರ ಇಲ್ದೇ ಇರೋದು ಏನಿದೆ? ಅಕ್ಕಿ ಬೇಳೆ ಎಣ್ಣೆ ಸರ್ಕಾರದ್ದು, ಸೊಪ್ಪು ಹೆಂಗೂ ತರ್ತೀವಿ. ಬೇಳೆ ಬೆಂದ ತಕ್ಷಣ ಸಾಂಬಾರ್ ಪುಡಿ ಹಾಕೋಕೆ ಮುಂಚೆ ಕಟ್ಟು ಬೇರೆ ಪಾತ್ರೆಗೆ ಬಸಿದು, ಸ್ವಲ್ಪ ಬೇಳೇನೂ ಕಿವುಚಿ ಸೇರ್ಸಿ, ಮೆಣಸು ಬೆಳ್ಳುಳ್ಳಿ ಒಗ್ಗರಣೆ ಕೊಟ್ರೆ ಬಾಣಂತಿ ಸಾರು ಆಯ್ತು. ಮೆಣಸು ಬೆಳ್ಳುಳ್ಳಿಗೆ ತಿಂಗಳಿಗೆ ನೂರೈವತ್ತು ಇನ್ನೂರು ಕೈಯಿಂದ ಬೀಳುತ್ತೆ, ಆ ಆಟೋ ದುಡ್ಡಿಗೆ ಹೋಲಿಸಿದ್ರೆ ಏನೂ ಅಲ್ಲ.

ಮೊಟ್ಟೆ ಬರೀ ಬೇಯ್ಸಿ ಕೊಟ್ರೆ ಮುಟ್ಟಲ್ಲ, ಹೆಚ್ಚಿ ಮೆಣಸಿನ ಪುಡಿ ಬೆಳ್ಳುಳ್ಳಿ ಜೊತೆ ಬಾಡಿಸಿದ್ರೆ ಉಷ್ಣ ಅಂತ ಒಪ್ಕೊಂಡ್ರು. ಊರಲ್ಲಿ ಹಿಂದೆ ಹೆರಿಗೆ ಮಾಡಿಸ್ತಿದ್ದ ಒಬ್ರು ಅಜ್ಜಿ ಇದಾರೆ, ಅವರು ಹೂಂ ಅನ್ನೋವರೆಗೂ ಯಾವ ಮನೆಯೋರೂ ಅಲ್ಲಾಡಲ್ಲ. ಅವರನ್ನ ಹೆಂಗೆ ಒಪ್ಪಿಸಿದೆ ಅನ್ನೋದು ಮಾತ್ರ ಇಲ್ಲಿ ಹೇಳಲ್ಲ, ಅದು ನನ್ನ ಹತ್ರಾನೇ ಇರ್ಲಿ. ಒಳಗಡೆ ಕಿಟಕಿ ಇಲ್ಲದ ಮೂಲೇಲಿ ಹಳೇ ಸೀರೆ ಪರದೆ ಕಟ್ಟಿ ಎರಡು ಜೋಲಿ ಹಾಕಿದೀನಿ, ಗಾಳಿ ಮಾತು ಅಲ್ಲಿಗೆ ನಿಂತೋಯ್ತು. ಹಸಿ ಬಾಣಂತಿಯನ್ನ ಮಾತ್ರ ನಾನು ಕರೆಯೋದಿಲ್ಲ, ಒಂದೂವರೆ ತಿಂಗಳು ಕಳೀಲಿ ಅಂತೀನಿ, ಅಲ್ಲಿವರೆಗೂ ಅತ್ತೇನೇ ಬಂದು ತಗೊಂಡು ಹೋಗ್ತಾರೆ. ಸಾರು ಅವರೇ ಹೇಳ್ಕೊಟ್ಟಿದ್ದು ಅಲ್ವಾ, ಹಂಗಾಗಿ ಈಗ ಸೊಸೆಗೇ ಹಾಕ್ತಾರೆ.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳಲ್ಲ, ನಾನು ಹೇಳ್ತೀನಿ. ಎರಡು ಮೂರು ಮನೆಯೋರು ಬರದೇ ಇದ್ದಿದ್ದು ನಮ್ಮ ಸಹಾಯಕಿ ಜಾತಿ ನೋಡಿ. ಅವತ್ತು ನೀವೇ ಅಡುಗೆ ಮಾಡಿ ಟೀಚರ್ ಅಂತ ಒಬ್ರು ಕಿವೀಲಿ ಹೇಳಿದ್ರು. ಆಗಲ್ಲ ಅಂದೆ. ಅಡುಗೆ ಅವರದ್ದೇ, ನಾನು ದಿನಾ ಎಲ್ಲರ ಮುಂದೆ ಮೊದಲ ತುತ್ತು ಅವರ ಕೈಯಿಂದಾನೇ ಬಡಿಸ್ಕೊಂಡು ತಿಂತೀನಿ. ಒಂದು ಮನೆಯೋರು ಇವತ್ತಿಗೂ ಬರಲ್ಲ, ಉಳಿದೋರು ಬಂದ್ರು. ಆ ಒಂದು ಮನೆಗೋಸ್ಕರ ಸಹಾಯಕಿಯನ್ನ ಒಲೆ ಹತ್ರದಿಂದ ಎಬ್ಬಿಸೋ ಪ್ರಶ್ನೇನೇ ಇಲ್ಲ.

ದುಡ್ಡಿನ ಕಥೆ. ಮೊಟ್ಟೆಗೆ ಸರ್ಕಾರದಿಂದ ಬರೋ ರೇಟೇ ಬೇರೆ, ಅಂಗಡೀಲಿ ಇರೋ ರೇಟೇ ಬೇರೆ, ಒಂದೊಂದಕ್ಕೆ ರೂಪಾಯಿ ಒಂದೂವರೆ ರೂಪಾಯಿ ನಾವೇ ಹಾಕಿ ತಂದಿದೀವಿ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಜನ ಬರೋದು ಹೆಚ್ಚಾದಷ್ಟೂ ಕೈ ಕಚ್ಚುತ್ತೆ, ಇದಕ್ಕೇ ಎಷ್ಟೋ ಟೀಚರ್‌ಗಳು ಬರದಿದ್ರೆ ಸಾಕು ಅಂತ ಸುಮ್ನಿರ್ತಾರೆ, ಅವರನ್ನ ನಾನು ಬೈಯಲ್ಲ. ಅಂಗನವಾಡಿ ಖರ್ಚು ನೋಡೋ ಬಾಲವಿಕಾಸ ಸಮಿತಿ ಖಾತೆಗೆ ದುಡ್ಡು ಎರಡು ಮೂರು ತಿಂಗಳು ತಡ ಆದಾಗ ಅಂಗಡಿ ಬಾಕಿ ಎಂಟು ಸಾವಿರದ ಹತ್ರ ಹೋಗಿತ್ತು. ಈಗ ಅಂಗಡಿ ಬಿಟ್ಟು ಊರಿನ ಸಂಘದ ಹೆಂಗಸರ ಹತ್ರ ನಾಟಿ ಕೋಳಿ ಮೊಟ್ಟೆ ಅಲ್ಲ, ಫಾರಂ ಮೊಟ್ಟೇನೇ ಟ್ರೇ ಲೆಕ್ಕದಲ್ಲಿ ತರ್ಸ್ತೀನಿ, ಅವರು ಬಾಕಿಗೆ ಕಾಯ್ತಾರೆ, ಯಾಕಂದ್ರೆ ಅವರ ಸೊಸೆಯರೇ ತಿನ್ನೋದು.

ಕಬ್ಬಿಣದ ಮಾತ್ರೆ ವಿಷಯ ನಮ್ಮ ಆಶಾ ಅಕ್ಕ ಹೇಳಿದ್ದು. ಹಾಲಿನ ಜೊತೆ ಮಾತ್ರೆ ನುಂಗಿದ್ರೆ ಮೈಗೆ ಸರಿಯಾಗಿ ಹತ್ತಲ್ಲ, ಟೀ ಕಾಫಿ ಜೊತೆ ಇನ್ನೂ ಕೆಟ್ಟದು. ನಾವು ಊಟ ಹಾಲು ಮಾತ್ರೆ ಎಲ್ಲಾ ಒಟ್ಟಿಗೆ ಕೊಡ್ತಿದ್ವಿ. ಈಗ ಅವರು ಬಂದ ತಕ್ಷಣ ಹಾಲು, ಊಟಕ್ಕೆ ನಿಂಬೆಹಣ್ಣು ಹಿಂಡಿ, ಮಾತ್ರೆ ಆಮೇಲೆ ಮಕ್ಕಳನ್ನ ಮಲಗಿಸಿ ಹೋಗೋ ಹೊತ್ತಿಗೆ. ರಕ್ತ, ಅಂದ್ರೆ ಹಿಮೋಗ್ಲೋಬಿನ್, ಎಂಟರ ಹತ್ರ ಇದ್ದ ಮೂರ್ನಾಲ್ಕು ಗರ್ಭಿಣಿಯರು ಹೆರಿಗೆ ಹೊತ್ತಿಗೆ ಹತ್ತು ದಾಟಿದ್ರು, ಒಬ್ರು ಹನ್ನೊಂದಕ್ಕೂ ಬಂದ್ರು. ಇದನ್ನ ಮೀಟಿಂಗಲ್ಲಿ ಹೇಳಿದಾಗ ನಂಬದೇ ಕಾರ್ಡ್ ತರಿಸ್ಕೊಂಡು ನೋಡಿದ್ರು, ನೋಡ್ಲಿ ಬಿಡಿ, ಸರಿಯಾಗೇ ಇತ್ತು.

ಇದೆಲ್ಲಾ ನಡೀತಿರೋವಾಗ್ಲೇ ಪುಟ್ಟ ಮಕ್ಕಳಿಗೆ ಅಂತ ಅಂಗನವಾಡಿಯಿಂದ ಕೊಡೋ ಪುಷ್ಟಿ ಪೌಡರ್ ಮೇಲೂ ಕೈ ಹಾಕ್ದೆ, ಅದು ಎಮ್ಮೆ ಬಾನಿಗೆ ಹೋಗೋದು ನೋಡೋಕಾಗ್ತಿರ್ಲಿಲ್ಲ. ಗಂಜಿ ಮಾಡಿದ್ರೆ ಮಕ್ಕಳು ಉಗೀತಾವೆ. ದೋಸೆ ಹುಯ್ದೆ, ಹಂಚಿಗೆ ಹತ್ಕೊಳ್ತು. ಶಾವಿಗೆ ಒತ್ತೋಕೆ ಹೋಗಿ ಹಿಟ್ಟೆಲ್ಲಾ ಪುಡಿಪುಡಿ. ಸಣ್ಣ ಉರೀಲಿ ಮತ್ತೆ ಹುರಿದು ರಾಗಿ ಹುರಿಹಿಟ್ಟು ಕಾಲು ಭಾಗ ಸೇರ್ಸಿ ತಂಬಿಟ್ಟು ಕಟ್ಟಿದ್ದು ಗೆಲ್ತು, ಎರಡು ವರ್ಷದ ಮೇಲಿನ ಮಕ್ಕಳು ಕೇಳಿ ಕೇಳಿ ತಿಂತಾವೆ. ಉಂಡೆಗೆ ಇನ್ನೊಂದು ಸಾಮಾನು ಹಾಕ್ತೀನಿ, ತಿಂದು ನೋಡಿ ನೀವೇ ಹೇಳಿ. ಆರು ತಿಂಗಳಿಂದ ವರ್ಷದೊಳಗಿನ ಕೂಸುಗಳಿಗೆ ಉಂಡೆ ಕೊಡ್ಬೇಡಿ, ಗಂಟಲಿಗೆ ಸಿಕ್ಕುತ್ತೆ, ಅವಕ್ಕೆ ತೆಳ್ಳಗೆ ಸರಿ, ಅಂದ್ರೆ ಅಂಬಲಿ ಥರ, ಮಾಡಿ ಒಂದು ಚಮಚ ತುಪ್ಪ ಬಿಟ್ರೆ ಸಾಕು.

ಸೆಂಟರ್ ಹಿಂದೆ ಕೈ ತೊಳೆಯೋ ನೀರು ಹೋಗೋ ಜಾಗದಲ್ಲಿ ಸಬ್ಬಸಿಗೆ ಹಾಕಿದೀನಿ, ನುಗ್ಗೆ ಕಡ್ಡಿನೂ ಚಿಗುರಿದೆ. ಸಬ್ಬಸಿಗೆ ಬೀಜ ಬೇಕಾದೋರು ಮುಂದಿನ ಮೀಟಿಂಗ್‌ಗೆ ಮುಂಚೆ ಹೇಳಿ, ಕಟ್ಕೊಂಡು ಬರ್ತೀನಿ.