‘ಡ್ರೈ’ ಕಂಡಾಗ ನಾನು ಮೊದಲು ಹುಡುಕುವುದು ಹಸಿಯನ್ನು

ಇಂಗ್ಲಿಷಿನ ಕೈಪಿಡಿ, ಕರಪತ್ರ, ಔಷಧಿಯ ಮಾಹಿತಿ ಚೀಟಿಗಳನ್ನು ಕನ್ನಡಕ್ಕೆ ತರುವಾಗ ‘ಡ್ರೈ’ ಎದುರಾದರೆ ಕೈ ತಾನಾಗಿ ‘ಒಣ’ ಎಂದು ಬರೆದುಬಿಡುತ್ತದೆ. ಒಣಮೆಣಸಿನಕಾಯಿ, ಒಣಕೆಮ್ಮು, ಒಣಕಸದವರೆಗೆ ಅದು ಸರಿಯೇ. ಪಶುಪಾಲನೆಯ ಕರಪತ್ರದಲ್ಲಿ ‘ಡ್ರೈ ಕೌ’ ಬಂದಾಗ ‘ಒಣ ಹಸು’ ಎಂದು ಬರೆದರೆ ಮಾತ್ರ ಓದುವ ರೈತರ ಕಣ್ಣಿಗೆ ಬರುವುದು ಮೇವಿಲ್ಲದೆ ಸೊರಗಿದ ಹಸು.

ಆದ್ದರಿಂದ ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇಲ್ಲಿ ಏನು ಇಲ್ಲ? ನೀರೋ, ಹಾಲೋ, ಎಣ್ಣೆಯೋ, ಸಿಹಿಯೋ, ಹೆಂಡವೋ? ಅದನ್ನು ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಂಡು, ಆಮೇಲೆ ಕನ್ನಡ ಪದಕ್ಕೆ ಕೈಹಾಕುತ್ತೇನೆ.

ಹಸುವಿನಲ್ಲಿ ಇಲ್ಲದ್ದು ಹಾಲು. ಹಾಲು ಬತ್ತುತ್ತದೆ, ಒಣಗುವುದಿಲ್ಲ. ಕರು ಹಾಕುವ ಮುಂಚೆ ಸುಮಾರು 60 ದಿನ ಕರೆಯುವುದನ್ನು ನಿಲ್ಲಿಸುತ್ತಾರಲ್ಲ, ‘ಡ್ರೈ ಪೀರಿಯಡ್’ ಅಂದರೆ ಅದೇ. ‘ಹಾಲು ಬತ್ತಿಸಿದ ಹಸು’ ಎಂದು ಬರೆದರೆ ಗೊಂದಲವಿಲ್ಲ. ‘ಗೊಡ್ಡು’ ಎನ್ನುವ ಆಸೆ ಹುಟ್ಟಬಹುದು, ಬೇಡ. ಈ ಹಸು ತುಂಬು ಗಬ್ಬದಲ್ಲಿರುತ್ತದೆ.

ಇಂಗ್ಲಿಷ್ ಒಂದೇ ಪದದಲ್ಲಿ ಮುಗಿಸಿದ್ದನ್ನು ನಮ್ಮ ಕ್ರಿಯಾಪದಗಳು ಹಂಚಿಕೊಂಡಿವೆ. ಬಟ್ಟೆ ಒಣಗುತ್ತದೆ, ಕೆರೆ ಬತ್ತುತ್ತದೆ, ಒರೆಸಿದ ನೆಲ ಆರುತ್ತದೆ. ‘ಬಾಯಾರಿಕೆ’ಯೊಳಗೂ ಈ ‘ಆರು’ ಕೂತಿದೆ. ಮಾತ್ರೆಯ ಚೀಟಿಯಲ್ಲಿ ‘ಡ್ರೈ ಮೌತ್’ ಎಂಬ ಅಡ್ಡಪರಿಣಾಮವನ್ನು ‘ಬಾಯಾರಿಕೆ’ ಎಂದು ಬರೆಯುವ ತಪ್ಪು ಆಗುವುದೂ ಇದರಿಂದಲೇ. ಅಲ್ಲಿ ಕಡಿಮೆಯಾಗಿರುವುದು ಜೊಲ್ಲು. ‘ಬಾಯಿ ಒಣಗುವುದು’ ಸರಿಯಾದ ಮಾತು. ಅದೇ ಚೀಟಿಯ ಕೊನೆಯಲ್ಲಿ ‘ಡ್ರೈ ಪ್ಲೇಸ್’ನಲ್ಲಿ ಇಡಿ ಎಂದಿದ್ದರೆ ‘ಒಣ ಜಾಗ’ ಎನ್ನದೆ ‘ತೇವವಿಲ್ಲದ ಜಾಗ’ ಎಂದು ಬರೆಯುತ್ತೇನೆ. ‘ಗಾಯವನ್ನು ಡ್ರೈ ಆಗಿಡಿ’ ಎಂಬುದಕ್ಕೆ ‘ಗಾಯಕ್ಕೆ ನೀರು ತಾಕಿಸಬೇಡಿ’.

ಜಮೀನಿನ ಕಾಗದವಾದರೆ ಕೆಲಸ ಸುಲಭ. ‘ಡ್ರೈ ಲ್ಯಾಂಡ್’ಗೆ ಖುಷ್ಕಿ, ‘ವೆಟ್ ಲ್ಯಾಂಡ್’ಗೆ ತರಿ ಎಂದು ಕಂದಾಯದ ಕಡತಗಳಲ್ಲೇ ಇದೆ. ಪಾರಸಿಯ ಖುಷ್ಕ್ ಎಂದರೆ ಒಣ, ತರ್ ಎಂದರೆ ಹಸಿ. ಇಂಗ್ಲಿಷಿನ ಜೋಡಿಗೆ ಪಾರಸಿಯ ಜೋಡಿ ಅಚ್ಚುಕಟ್ಟಾಗಿ ಕೂರುತ್ತದೆ. ಕೃಷಿ ಲೇಖನಕ್ಕೆ ಮಾತ್ರ ಮಳೆಯಾಶ್ರಿತ ಅಥವಾ ಬೆದ್ದಲು ಒಳ್ಳೆಯದು, ಖುಷ್ಕಿಗೆ ಕಚೇರಿಯ ವಾಸನೆ ಜಾಸ್ತಿ.

ಅಡುಗೆಯಲ್ಲಿ ‘ಡ್ರೈ ರೋಸ್ಟ್’ ಎಂದರೆ ಎಣ್ಣೆ ಹಾಕದೆ ಹುರಿಯುವುದು. ‘ಒಣಗುವವರೆಗೆ ಹುರಿಯಿರಿ’ ಎಂದು ಬರೆದರೆ ಧನಿಯಾ ಕರಕಲಾದೀತು. ಗೋಬಿ ಮಂಚೂರಿ ‘ಡ್ರೈ’ ಆದರೆ ಇಲ್ಲದ್ದು ಗ್ರೇವಿ. ಅದನ್ನು ಹಾಗೇ ಬಿಡುತ್ತೇನೆ, ಹೋಟೆಲಿನಲ್ಲಿ ಯಾರೂ ಬೇರೆ ಹೆಸರಲ್ಲಿ ಕೇಳುವುದಿಲ್ಲ.

ವೈನ್‌ನಲ್ಲಿ ಇಲ್ಲದ್ದು ಸಿಹಿ. ದ್ರಾಕ್ಷಿಯ ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಹುಳಿತು ಮದ್ಯವಾಗಿರುತ್ತದೆ. ಇಲ್ಲೊಂದು ಗುಂಡಿ ಇದೆ: ಶಾಂಪೇನ್ ಸೀಸೆಯ ಮೇಲಿನ ‘ಎಕ್ಸ್‌ಟ್ರಾ ಡ್ರೈ’ಯಲ್ಲಿ ಲೀಟರಿಗೆ 12ರಿಂದ 17 ಗ್ರಾಂ ಸಕ್ಕರೆ, ‘ಬ್ರೂಟ್’ ಎಂದು ಬರೆದಿರುವ ಇನ್ನೊಂದು ಬಗೆಯಲ್ಲಿ 12ಕ್ಕಿಂತ ಕಡಿಮೆ. ‘ಎಕ್ಸ್‌ಟ್ರಾ ಡ್ರೈ’ಯನ್ನು ‘ಸ್ವಲ್ಪವೂ ಸಿಹಿಯಿಲ್ಲದ’ ಎಂದು ಅನುವಾದಿಸಿದರೆ ಸುಳ್ಳು ಹೇಳಿದ ಹಾಗೆ.

ಡ್ರೈ ಕ್ಲೀನಿಂಗ್‌ನಲ್ಲಿ ಬಟ್ಟೆ ನೆನೆಯುವುದೇ ಇಲ್ಲ ಎಂದು ತುಂಬ ಜನ ತಿಳಿದಿದ್ದಾರೆ. ನೆನೆಯುತ್ತದೆ, ನೀರಿನ ಬದಲು ದ್ರಾವಕದಲ್ಲಿ. ಡ್ರೈ ಸೆಲ್ಲಿನ ಒಳಗೂ ತೇವದ ಪೇಸ್ಟ್ ಇದೆ. ಚೆಲ್ಲುವ ದ್ರವವಿಲ್ಲ ಅಷ್ಟೆ. ಡ್ರೈ ಐಸ್ ಹೆಸರಿಗೆ ತಕ್ಕಂತೆ ಇದೆ: ಗಟ್ಟಿ ಇಂಗಾಲದ ಡೈಆಕ್ಸೈಡ್, ಸುಮಾರು ಮೈನಸ್ 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗದೆ ನೇರ ಅನಿಲವಾಗುತ್ತದೆ. ಈ ಮೂರಕ್ಕೂ ಇಂಗ್ಲಿಷ್ ಹೆಸರನ್ನೇ ಇಟ್ಟು ಮೊದಲ ಸಲ ಬಂದಾಗ ಅರ್ಧ ಸಾಲಿನ ವಿವರಣೆ ಕೊಡುತ್ತೇನೆ.

ತೀರಾ ಸತಾಯಿಸುವುದು ‘ಡ್ರೈ ಹ್ಯೂಮರ್’. ಒಣಜಂಬ, ಒಣಹರಟೆ, ಒಣವೇದಾಂತ ಎನ್ನುವಾಗ ಕನ್ನಡದ ‘ಒಣ’ಕ್ಕೆ ಟೊಳ್ಳು ಎಂಬ ಅರ್ಥ ಬಂದುಬಿಟ್ಟಿದೆ. ‘ಒಣಹಾಸ್ಯ’ ಎಂದರೆ ನಗೆಯೇ ಬಾರದ ಹಾಸ್ಯ, ಇಂಗ್ಲಿಷಿನವರು ಹೊಗಳಿದ್ದು ನಮ್ಮಲ್ಲಿ ತೆಗಳಿಕೆಯಾಗುತ್ತದೆ. ಇಲ್ಲಿ ಇಲ್ಲದ್ದು ಹೇಳುವವರ ಮುಖದ ಭಾವ. ಹಾಗಾಗಿ ಗುಣವಾಚಕವನ್ನೇ ಬಿಟ್ಟು ‘ಮುಖದಲ್ಲಿ ನಗೆ ಸುಳಿಯದಂತೆ ಚಟಾಕಿ ಹಾರಿಸಿದರು’ ಎಂದು ವಾಕ್ಯವನ್ನು ತಿರುಗಿಸುತ್ತೇನೆ. ‘ಡ್ರೈ ಲೆಕ್ಚರ್’ ಆದರೆ ನೀರಸ ಎನ್ನಲು ಅಡ್ಡಿಯಿಲ್ಲ, ಅದು ಇಂಗ್ಲಿಷಿನಲ್ಲೂ ಬೈಗುಳವೇ.

ಕೆಲವೆಡೆ ‘ಒಣ’ ಬೇಡವೇ ಬೇಡ. ‘ಡ್ರೈ ಕೋಕೊನಟ್’ ಎಂದರೆ ಮೈಸೂರು ಕಡೆಯವರಿಗೆ ಬರೀ ಕೊಬ್ಬರಿ ಸಾಕು. ಉತ್ತರ ಕರ್ನಾಟಕದ ಅಡುಗೆಯಲ್ಲಿ ‘ಹಸಿ ಕೊಬ್ಬರಿ’ಯೂ ಇರುವುದರಿಂದ, ಇಡೀ ರಾಜ್ಯಕ್ಕೆ ಹೋಗುವ ಬರಹದಲ್ಲಿ ‘ಒಣ ಕೊಬ್ಬರಿ’ ಎಂದೇ ಹಾಕುತ್ತೇನೆ.