ಜಾಕ್‌ವೆಲ್ಲಿನಿಂದ ಬ್ಯಾಂಕಿನವರೆಗೆ: ಸಣ್ಣ ಪುರಸಭೆಗಳು ಕೂಡಿ ಹಣ ಹೊಂದಿಸಿದ ಬಗೆ

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಹರಿದಾಗ ನಾನು ಕಲಬುರಗಿ ಜಿಲ್ಲೆಯ ಒಂದು ಪುರಸಭೆಯಲ್ಲಿ ನೀರು ಸರಬರಾಜಿನ ಹೊಣೆ ಹೊತ್ತ ಅಭಿಯಂತರನಾಗಿದ್ದೆ. ಜಾಕ್‌ವೆಲ್ಲಿನ, ಅಂದರೆ ಪಂಪ್‌ಗಳು ನದಿಯ ನೀರನ್ನು ಎತ್ತುವ ಬಾವಿಯ, ಪ್ಯಾನಲ್ ಬೋರ್ಡು (ಪಂಪ್‌ಗಳ ವಿದ್ಯುತ್ ಸ್ವಿಚ್ಚುಗಳ ಫಲಕ) ಪ್ರವಾಹದ ನೀರಿನಲ್ಲಿ ಮುಳುಗಿತು. ಸುತ್ತೆಲ್ಲ ನೀರಿದ್ದರೂ ಊರಿನ ನಲ್ಲಿಗಳಿಗೆ ಹಲವು ದಿನ ನೀರಿರಲಿಲ್ಲ, ಟ್ಯಾಂಕರ್ ಒಂದೇ ದಾರಿಯಾಗಿತ್ತು. ಅದಾಗಿ ಬೇಸಿಗೆ ಬಂದಿತು. ನಮ್ಮ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ವಾಡಿಕೆ ಇದೆ. ಅಂಥ ದಿನಗಳಲ್ಲಿ ಅದೇ ಜಾಕ್‌ವೆಲ್ಲಿನಲ್ಲಿ ನೀರಿನ ಮಟ್ಟ ಇಳಿದು, ಪಂಪ್‌ಗಳು ಅರ್ಧ ನೀರು ಅರ್ಧ ಗಾಳಿ ಎಳೆಯುತ್ತ ಹಗಲೂ ರಾತ್ರಿ ಓಡುತ್ತಿದ್ದವು. ಹವಾಮಾನ ಬದಲಾವಣೆ ಎಂಬ ಮಾತನ್ನು ತರಬೇತಿಗಳಲ್ಲಿ ಕೇಳಿದ್ದೆ. ಅದಕ್ಕೆ ಬೇಕಾದ ಹಣ ಎಲ್ಲಿಂದ ತರಬೇಕು ಎಂಬ ಪ್ರಶ್ನೆ ಮಾತ್ರ ಆ ಒಂದು ವರ್ಷದಲ್ಲಿ ನನ್ನ ಮೇಜಿಗೆ ಬಂದು ಕೂತಿತು.

ನಮ್ಮ ಬಜೆಟ್ಟಿನಲ್ಲಿ ಹವಾಮಾನ ಎಂಬ ಲೆಕ್ಕ ಶೀರ್ಷಿಕೆಯೇ ಇಲ್ಲ. ಆಸ್ತಿ ತೆರಿಗೆ ಮತ್ತು ನೀರಿನ ಶುಲ್ಕ ಸೇರಿಸಿದರೂ ಸಿಬ್ಬಂದಿ ಸಂಬಳ, ದುರಸ್ತಿ, ಬ್ಲೀಚಿಂಗ್ ಪೌಡರ್ ಮತ್ತು ಆಲಂ ಖರ್ಚಿನಾಚೆ ಉಳಿಯುವುದು ಕಡಿಮೆ. ಕೇಂದ್ರದ ಹದಿನೈದನೇ ಹಣಕಾಸು ಆಯೋಗದ ಅನುದಾನ 2021ರಿಂದ 2026ರವರೆಗೆ ನಮ್ಮಂಥ ಊರುಗಳಿಗೆ ಬಂದದ್ದು ನಿಜ. ಆದರೆ ಅದರಲ್ಲಿ ನೂರಕ್ಕೆ 60 ಭಾಗ ಷರತ್ತಿನ ಹಣ: ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು ಮತ್ತು ನೀರಿನ ಮರುಬಳಕೆಗೆ, ಇನ್ನರ್ಧ ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ. ವಾರ್ಡ್‌ವಾರು ಹಂಚಿಕೆಯಾದ ಮೇಲೆ ಒಂದೊಂದು ವಾರ್ಡಿಗೆ ಒಂದು ತುಂಡು ಪೈಪ್‌ಲೈನ್, ಒಂದು ಕೊಳವೆಬಾವಿ ಎಂದು ಅದು ಚದುರಿಹೋಗುತ್ತಿತ್ತು. ಪಂಪ್‌ಹೌಸು ಯಾವ ವಾರ್ಡಿಗೂ ಸೇರಿದ್ದಲ್ಲ. ಅದರ ಪರವಾಗಿ ಸಭೆಯಲ್ಲಿ ಮಾತನಾಡುವ ಸದಸ್ಯರಿಲ್ಲ.

ಮೈಸೂರಿನ ರಾಜ್ಯ ನಗರಾಭಿವೃದ್ಧಿ ಸಂಸ್ಥೆಯ ಒಂದು ತರಬೇತಿಯಲ್ಲಿ ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಅಭಿಯಂತರರು, ಲೆಕ್ಕಾಧೀಕ್ಷಕರು ನನ್ನ ಜೊತೆ ಒಂದೇ ಸಾಲಿನಲ್ಲಿ ಕುಳಿತಿದ್ದರು. ಊಟದ ಬಿಡುವಿನಲ್ಲಿ ಮಾತು ನಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂನ ಬಿಲ್ಲಿನ ಕಡೆಗೆ ಹೊರಳಿತು. ಪ್ರತಿಯೊಬ್ಬರೂ ತಮ್ಮ ಊರಿನ ಬಿಲ್ಲೇ ವಿಪರೀತ ಎಂದು ನಂಬಿದ್ದರು, ಯಾರ ಬಳಿಯೂ ಹೋಲಿಸಿ ನೋಡಲು ಇನ್ನೊಂದು ಊರಿನ ಲೆಕ್ಕ ಇರಲಿಲ್ಲ. ಊರಿಗೆ ಮರಳಿದ ಮೇಲೆ ಮೂರು ಜಿಲ್ಲೆಗಳ ಏಳು ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳವರು ತಿಂಗಳಿಗೊಮ್ಮೆ ಕಲಬುರಗಿಯಲ್ಲಿ ಸೇರಲು ತೀರ್ಮಾನಿಸಿದೆವು. ಈ ಕೂಟಕ್ಕೆ ಹೆಸರಾಗಲಿ, ನೋಂದಣಿಯಾಗಲಿ, ಅಧ್ಯಕ್ಷರಾಗಲಿ ಇರಲಿಲ್ಲ. ಮೊದಲ ಐದಾರು ಭೇಟಿಗಳಲ್ಲಿ ನಾವು ಮಾಡಿದ್ದು ಇಷ್ಟೇ: ಎಲ್ಲರೂ ತಮ್ಮ ಎಚ್.ಟಿ. (ಹೈ ಟೆನ್ಷನ್ ಸಂಪರ್ಕದ) ಬಿಲ್ಲುಗಳನ್ನು ತಂದು ಮೇಜಿನ ಮೇಲೆ ಹರಡಿ, ಪವರ್ ಫ್ಯಾಕ್ಟರ್ ದಂಡ (ಮೋಟರುಗಳು ವಿದ್ಯುತ್ತನ್ನು ಸರಿಯಾಗಿ ಬಳಸದಿದ್ದರೆ ಬೀಳುವ ದಂಡ) ಯಾರಿಗೆ ಎಷ್ಟು, ಮಂಜೂರಾದ ಲೋಡು ಎಷ್ಟು, ಬಳಸಿದ್ದೆಷ್ಟು ಎಂದು ಓದುವುದು. ಒಂದು ಊರಿನವರು ಅದನ್ನು ಸರಿಪಡಿಸುವ ಕೆಪಾಸಿಟರ್ ಎಂಬ ಸಾಧನ ಹಾಕಿಸಿ ದಂಡ ತಪ್ಪಿಸಿಕೊಂಡ ಬಗೆಯನ್ನು ಹೇಳಿದರೆ ಮುಂದಿನ ತಿಂಗಳೊಳಗೆ ಇನ್ನೂ ಎರಡು ಊರುಗಳು ಅದನ್ನೇ ಮಾಡಿರುತ್ತಿದ್ದವು. ಹಣಕಾಸಿನ ದೊಡ್ಡ ಮಾತಿಗೆ ಮುಂಚೆ ಒಬ್ಬರ ಅಂಕಿಯನ್ನು ಇನ್ನೊಬ್ಬರು ನಂಬುವ ಅಭ್ಯಾಸ ಹುಟ್ಟಬೇಕು. ಆ ತಿಂಗಳುಗಳು ವ್ಯರ್ಥವಾದವು ಎಂದು ನಮ್ಮ ಕೆಲವು ಮೇಲಧಿಕಾರಿಗಳು ಭಾವಿಸಿದ್ದರು. ನಾನು ಹಾಗೆ ಭಾವಿಸುವುದಿಲ್ಲ.

ಆಮೇಲೆ ಅಳತೆಗೆ ಇಳಿದೆವು. ಸಾವಿರ ಲೀಟರ್ ನೀರನ್ನು ನೂರು ಮೀಟರ್ ಎತ್ತಲು ಭೌತಶಾಸ್ತ್ರದ ಪ್ರಕಾರ 0.27 ಯೂನಿಟ್ ವಿದ್ಯುತ್ ಸಾಕು. ಮೋಟರು ಮತ್ತು ಪಂಪಿನಲ್ಲಿ ಆಗುವ ನಷ್ಟ ಅದರ ಮೇಲೆ ಸೇರುತ್ತದೆ. ನಮ್ಮ ಊರಿನ ಏರಿಕೆ ಸುಮಾರು 80 ಮೀಟರ್, ಆದ್ದರಿಂದ ಒಳ್ಳೆಯ ಪಂಪ್‌ಸೆಟ್ಟಿಗೆ ಸಾವಿರ ಲೀಟರಿಗೆ 0.31 ಯೂನಿಟ್ ಆಸುಪಾಸು ಬೇಕು. ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿನವರು ಪೈಪಿನ ಹೊರಮೈಗೆ ಕಟ್ಟುವ ಅಲ್ಟ್ರಾಸಾನಿಕ್ ಫ್ಲೋ ಮೀಟರನ್ನು ಎರಡು ವಾರ ಎರವಲು ಕೊಟ್ಟರು. ಅದು ಜೀಪಿನಲ್ಲಿ ಊರಿಂದೂರಿಗೆ ತಿರುಗಿತು. ನಮ್ಮಲ್ಲಿ ಬಂದ ಅಂಕಿ 0.5 ಯೂನಿಟ್. ಅಂದರೆ ನಾವು ಕೊಳ್ಳುತ್ತಿದ್ದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರನ್ನು ಎತ್ತದೆ ಶಾಖವಾಗಿ, ಅದುರಾಗಿ ಹೋಗುತ್ತಿತ್ತು. ಬಾಡಿಗೆಗೆ ತಂದರೂ ಒಂದು ಊರಿಗೆ ಭಾರವಾಗುತ್ತಿದ್ದ ಆ ಉಪಕರಣ ಏಳು ಊರುಗಳಿಗೆ ಡೀಸೆಲ್ ಖರ್ಚಿನಲ್ಲಿ ಮುಗಿಯಿತು.

ಅಂಕಿಗಳನ್ನು ಹಿಡಿದುಕೊಂಡು 2022ರ ಕೊನೆಯಲ್ಲಿ ನಮ್ಮ ಊರೊಂದರ ಪರವಾಗಿಯೇ ಒಂದು ಹಣಕಾಸು ಸಂಸ್ಥೆಗೆ ಸಾಲದ ಪ್ರಸ್ತಾವ ಸಲ್ಲಿಸಿದೆ. ಉಳಿದವರನ್ನು ಕಾಯದೆ ಮುಂದೆ ಹೋದದ್ದು ನನ್ನ ತಪ್ಪು. ಮೂರು ತಿಂಗಳಲ್ಲಿ ಪ್ರಸ್ತಾವ ಹಿಂದಿರುಗಿತು. ಮೊತ್ತ ಚಿಕ್ಕದು, ಅದರ ಪರಿಶೀಲನೆಯ ಖರ್ಚೇ ತಮಗೆ ಗಿಟ್ಟುವುದಿಲ್ಲ ಎಂಬುದು ಅವರ ಮೊದಲ ಆಕ್ಷೇಪ; ನಮ್ಮ ವಾರ್ಷಿಕ ಲೆಕ್ಕಪರಿಶೋಧನೆ ಬಾಕಿ ಇತ್ತು ಎಂಬುದು ಎರಡನೆಯದು. ಮೂರನೆಯ ಪ್ರಶ್ನೆ ನನ್ನನ್ನು ನಿಜವಾಗಿ ನಿಲ್ಲಿಸಿತು: ಉಳಿತಾಯವಾಗುವ ಹಣ ಯಾರದು? ನಮ್ಮ ವಿದ್ಯುತ್ ಬಿಲ್ಲಿನ ದೊಡ್ಡ ಪಾಲು ರಾಜ್ಯ ಹಣಕಾಸು ಆಯೋಗದ ವಿದ್ಯುತ್ ಅನುದಾನದಲ್ಲಿ ಹೊಂದಾಣಿಕೆಯಾಗುತ್ತದೆ, ಅದು ಸಾಲದಾದಾಗ ಉಳಿದದ್ದನ್ನು ಮಾತ್ರ ನಾವು ಸ್ವಂತ ನಿಧಿಯಿಂದ ಕಟ್ಟುತ್ತೇವೆ. ಹೀಗಾಗಿ ಬಿಲ್ಲು ಮೂರನೇ ಒಂದು ಭಾಗ ಇಳಿದರೂ ಅಷ್ಟು ಹಣ ನಮ್ಮ ಖಾತೆಯಲ್ಲಿ ಕಾಣುವುದಿಲ್ಲ. ಕಾಣದ ಹಣದಿಂದ ಕಂತು ಕಟ್ಟುತ್ತೇವೆ ಎಂದು ನಾನು ಬರೆದುಕೊಟ್ಟಿದ್ದೆ.

ಮುಂದಿನ ಭೇಟಿಯಲ್ಲಿ ಆ ಪತ್ರವನ್ನು ಎಲ್ಲರೆದುರು ಓದಿದೆ. ಯಾದಗಿರಿ ಜಿಲ್ಲೆಯ ಹಿರಿಯ ಅಭಿಯಂತರರೊಬ್ಬರು ಹಳೆಯ ಎರಡು ಉದಾಹರಣೆಗಳನ್ನು ನೆನಪಿಸಿದರು. ತಮಿಳುನಾಡಿನ 13 ಸಣ್ಣ ಊರುಗಳು ಒಂದೊಂದಾಗಿ ಮಾರುಕಟ್ಟೆಗೆ ಹೋಗಲಾರದೆ, 2002–03ರಲ್ಲಿ ಒಂದು ಸಂಯುಕ್ತ ನಿಧಿಯ ಮೂಲಕ ಬಾಂಡ್ (ಹೂಡಿಕೆದಾರರಿಗೆ ಮಾರುವ ಸಾಲಪತ್ರ) ಹೊರಡಿಸಿ 30.41 ಕೋಟಿ ರೂಪಾಯಿ ಎತ್ತಿದ್ದವು. ನಮ್ಮ ರಾಜ್ಯದಲ್ಲೇ 2005ರಲ್ಲಿ ಬೆಂಗಳೂರಿನ ಸುತ್ತಲಿನ ಎಂಟು ಪುರಸಭೆಗಳ ನೀರಿನ ಯೋಜನೆಗಾಗಿ ಇದೇ ಮಾದರಿಯ ನಿಧಿ 100 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿತ್ತು. ಎರಡರಲ್ಲೂ ಅಸಲಿನ ಅರ್ಧಕ್ಕೆ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಖಾತರಿ ನೀಡಿತ್ತು. ತಮಿಳುನಾಡಿನ ವ್ಯವಸ್ಥೆಯಲ್ಲಿ ಊರುಗಳ ಆದಾಯ ಮೊದಲು ಎಸ್ಕ್ರೋ ಖಾತೆಗೆ (ಸಾಲದ ಕಂತಿಗೆಂದೇ ಪ್ರತ್ಯೇಕವಾಗಿಟ್ಟ ಖಾತೆಗೆ) ಬೀಳಬೇಕು, ಕಂತು ತಪ್ಪಿದರೆ ಮೀಸಲು ನಿಧಿ ತುಂಬಿಕೊಡಬೇಕು, ಅದೂ ಸಾಲದಾದರೆ ಊರಿಗೆ ಬರಬೇಕಾದ ರಾಜ್ಯದ ಅನುದಾನದಲ್ಲೇ ಕಡಿತವಾಗಬೇಕು ಎಂಬ ಪದರಗಳಿದ್ದವು. ಸಾಲ ಕೊಡುವವರು ಊರಿನ ದೊಡ್ಡತನವನ್ನು ನೋಡುವುದಿಲ್ಲ, ಈ ಪದರಗಳನ್ನು ನೋಡುತ್ತಾರೆ ಎಂಬುದು ನನಗೆ ಆಗ ತಿಳಿಯಿತು. ಬಾಂಡ್ ಹೊರಡಿಸುವಷ್ಟು ಮೊತ್ತ ನಮ್ಮದಲ್ಲ. ಪದರಗಳನ್ನು ಮಾತ್ರ ನಾವೂ ಕಟ್ಟಬಹುದಿತ್ತು.

ಅದೇ ಸಭೆಯಲ್ಲಿ ನಮ್ಮ ಕೆಲಸದ ದಿಕ್ಕನ್ನು ತಿರುಗಿಸಿದವರು ಬೀದರ್ ಜಿಲ್ಲೆಯ ಒಬ್ಬ ಲೆಕ್ಕಾಧೀಕ್ಷಕಿ. ನನ್ನ ಅಂದಾಜು ಪಟ್ಟಿಯಲ್ಲಿ ಹೊಸ ಪಂಪ್‌ಗಳ ಜೊತೆಗೆ, ಪ್ಯಾನಲ್ ಬೋರ್ಡನ್ನು 2020ರ ಪ್ರವಾಹದ ಗುರುತಿಗಿಂತ ಎತ್ತರದ ಕಟ್ಟೆಗೆ ಸಾಗಿಸುವ ಖರ್ಚೂ ಸೇರಿತ್ತು. ಅವರು ಪಟ್ಟಿ ನೋಡಿ ಹೇಳಿದರು: “ಸರ, ಪ್ಯಾನಲ್ ಕಟ್ಟೀದು ರೊಕ್ಕ ಸಾಲದಾಗ ಯಾಕ ಹಾಕೀರಿ? ಅದರಿಂದ ಒಂದು ಯೂನಿಟ್ಟೂ ಉಳಿಯಂಗಿಲ್ಲ. ನೀರಿನ ಹೆಸರಿಲೇ ಬಂದ ಅನುದಾನ ಖರ್ಚಾಗದ ಹಂಗೇ ಕುಂತದಲ್ರಿ.” ನಾನು ಒಂದೇ ಕಾಮಗಾರಿ ಎಂದು ಕಂಡದ್ದನ್ನು ಅವರು ಎರಡು ಬಗೆಯ ಹಣವೆಂದು ಕಂಡರು. ವಿದ್ಯುತ್ ಉಳಿಸುವ ಕೆಲಸ ತನ್ನ ಖರ್ಚನ್ನು ತಾನೇ ತೀರಿಸುತ್ತದೆ, ಆದ್ದರಿಂದ ಅದಕ್ಕೆ ಸಾಲ ತರಬಹುದು. ಪ್ರವಾಹ, ಬರಗಳಿಂದ ಕಾಪಾಡುವ ಕೆಲಸ ಆದಾಯ ತರುವುದಿಲ್ಲ, ಆದ್ದರಿಂದ ಅದಕ್ಕೆ ಅನುದಾನವೇ ಬೇಕು. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಸಾಲ ಕೊಡುವವರಿಗೆ ಯೋಜನೆ ದುರ್ಬಲವಾಗಿ ಕಾಣುತ್ತದೆ, ಅನುದಾನ ಕೊಡುವವರಿಗೆ ದುಬಾರಿಯಾಗಿ ಕಾಣುತ್ತದೆ. ಇಪ್ಪತ್ತು ವರ್ಷ ಅಂದಾಜು ಪಟ್ಟಿ ಬರೆದ ನನಗೆ ಇದು ಹೊಳೆದಿರಲಿಲ್ಲ. ಅಭಿಯಂತರರು ಮಾತ್ರ ಸೇರುವ ಕೂಟವಾಗಿದ್ದರೆ ಎಂದಿಗೂ ಹೊಳೆಯುತ್ತಿರಲಿಲ್ಲ ಎಂದೇ ನಂಬಿದ್ದೇನೆ.

ಅಲ್ಲಿಂದ ಏಳೂ ಊರುಗಳ ಪಂಪ್‌ಗಳಿಗೆ ಒಂದೇ ನಮೂನೆಯ ಯೋಜನಾ ವರದಿ ಸಿದ್ಧವಾಯಿತು. ಪೂರೈಕೆದಾರರೇ ಬಂಡವಾಳ ಹಾಕಿ, ಅಳೆದು ತೋರಿಸಿದ ಉಳಿತಾಯಕ್ಕೆ ತಕ್ಕಂತೆ ಐದು ವರ್ಷ ಕಂತುಗಳಲ್ಲಿ ಹಿಂಪಡೆಯುವ ಒಪ್ಪಂದವನ್ನು ಆರಿಸಿಕೊಂಡೆವು. 2015ರಲ್ಲಿ ಆರಂಭವಾದ ರಾಷ್ಟ್ರೀಯ ಬೀದಿ ದೀಪ ಕಾರ್ಯಕ್ರಮ ಎಲ್‌ಇಡಿ ದೀಪಗಳಿಗೆ ಬಳಸಿದ್ದು ಇದೇ ತತ್ವ. ಕಂತಿಗೆ ಆಧಾರವಾಗಿ, ಕಾಣದ ಉಳಿತಾಯದ ಬದಲು ಕಣ್ಣಿಗೆ ಕಾಣುವ ನೀರಿನ ಶುಲ್ಕವನ್ನು ಪ್ರತ್ಯೇಕ ಖಾತೆಗೆ ಹಾಕುವ ಠರಾವನ್ನು ಪ್ರತಿ ಊರಿನ ಸಾಮಾನ್ಯ ಸಭೆಯಿಂದ ಪಡೆಯಬೇಕಾಯಿತು. ಮೂರು ತಿಂಗಳ ಕಂತಿನಷ್ಟು ಮೊತ್ತವನ್ನು ಎಲ್ಲರೂ ಮೀಸಲಿಡಬೇಕೆಂದು ಗೊತ್ತುಮಾಡಿದೆವು.

ಕಠಿಣವಾದದ್ದು ಇದೇ ಮೀಸಲಿನ ಮಾತು. ಶುಲ್ಕ ವಸೂಲಿ ಚೆನ್ನಾಗಿರುವ ಊರಿನವರು, ವಸೂಲಿ ಮಾಡದ ಊರಿನ ಕಂತಿಗೆ ನಮ್ಮ ಮೀಸಲು ಏಕೆ ಕರಗಬೇಕು ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಆರು ತಿಂಗಳ ಚರ್ಚೆಯ ಬಳಿಕ ಪ್ರತಿ ಊರಿನ ಮೀಸಲು ಅದರದೇ ಹೆಸರಿನಲ್ಲಿ ಇರಬೇಕು, ವರದಿ, ಟೆಂಡರ್ ಮತ್ತು ಅಳತೆ ಮಾತ್ರ ಒಟ್ಟಾಗಿ ನಡೆಯಬೇಕು ಎಂಬಲ್ಲಿಗೆ ಬಂದು ನಿಂತೆವು. ತಮಿಳುನಾಡಿನಷ್ಟು ಬಿಗಿಯಾದ ಕೂಡಿಕೆ ಅಲ್ಲ ಇದು. ರಾಜ್ಯಮಟ್ಟದ ಒಂದು ಸಂಸ್ಥೆ ನಡುವೆ ನಿಂತು ಹೊಣೆ ಹೊರದಿದ್ದರೆ ಊರುಗಳು ತಾವಾಗಿಯೇ ಒಬ್ಬರ ಸಾಲಕ್ಕೆ ಇನ್ನೊಬ್ಬರು ಜಾಮೀನು ನಿಲ್ಲುವುದು ಕಷ್ಟ. ಒಂದು ಊರಿನಲ್ಲಿ ಅಭಿಯಂತರರ ವರ್ಗಾವಣೆಯಾಗಿ ಕಡತ ನಿಂತಿತು, ಇನ್ನೊಂದರಲ್ಲಿ ಚುನಾಯಿತ ಮಂಡಳಿ ಇರಲಿಲ್ಲ, ಮತ್ತೊಂದರ ಹಳೆಯ ವಿದ್ಯುತ್ ಬಾಕಿ ತೀರಿರಲಿಲ್ಲ. 2024ರಲ್ಲಿ ಸಹಿ ಹಾಕಿದ್ದು ನಾಲ್ಕು ಊರುಗಳು. ನಾಲ್ಕಾದರೂ ಒಟ್ಟಾಗಿ ಬಂದದ್ದರಿಂದ, ಹಿಂದೆ ನನ್ನ ಪತ್ರ ಹಿಂದಿರುಗಿಸಿದ ಸಂಸ್ಥೆಯಂಥವರೇ ಈ ಬಾರಿ ಪೂರೈಕೆದಾರರಿಗೆ ಸಾಲ ಕೊಡಲು ಮುಂದೆ ಬಂದರು.

ಈಗ ನಮ್ಮ ಊರಿನಲ್ಲಿ ಸಾವಿರ ಲೀಟರಿಗೆ 0.33 ಯೂನಿಟ್ ಖರ್ಚಾಗುತ್ತಿದೆ. ದೇಶದ ಗ್ರಿಡ್ಡಿನ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಎಂಬ ಲೆಕ್ಕದಂತೆ, ಉಳಿದ ಪ್ರತಿ ಸಾವಿರ ಯೂನಿಟ್ಟಿಗೆ 700 ಕಿಲೋಗ್ರಾಂ ತಪ್ಪಿದಂತೆ. ಮಹಾನಗರಗಳ ಜಾಗತಿಕ ಕೂಟಗಳಲ್ಲಿ ನಮಗೆ ಜಾಗವಿಲ್ಲ. ಸಿ40 ಕೂಟದ ಸದಸ್ಯ ನಗರವಾದ ಬೆಂಗಳೂರು 2023ರ ನವೆಂಬರ್‌ನಲ್ಲಿ ತನ್ನ ಹವಾಮಾನ ಕ್ರಿಯಾ ಯೋಜನೆ ಪ್ರಕಟಿಸಿತು. ಆದರೆ ಅಂಥ ಕೂಟಗಳು ರೂಪಿಸಿದ ಹೊರಸೂಸುವಿಕೆ ಲೆಕ್ಕದ ವಿಧಾನ ಎಲ್ಲರಿಗೂ ತೆರೆದಿದೆ, ನಾವು ಅದನ್ನೇ ಬಳಸಿದೆವು. ಇಂದೋರ್ ಪಾಲಿಕೆ 2023ರ ಫೆಬ್ರವರಿಯಲ್ಲಿ 244 ಕೋಟಿ ರೂಪಾಯಿಯ ಹಸಿರು ಬಾಂಡನ್ನು (ಪರಿಸರಸ್ನೇಹಿ ಕೆಲಸಕ್ಕೆಂದೇ ಎತ್ತುವ ಸಾಲದ ಬಾಂಡ್) ಸಾರ್ವಜನಿಕರಿಗೇ ನೀಡಿದ್ದು ನರ್ಮದೆಯ ನೀರೆತ್ತುವ ಪಂಪ್‌ಗಳಿಗೆ ಸೌರ ವಿದ್ಯುತ್ ಒದಗಿಸಲು. ದೊಡ್ಡ ನಗರದ ಮತ್ತು ನಮ್ಮ ಸಮಸ್ಯೆಯ ಬೇರು ಒಂದೇ ಪಂಪ್‌ಹೌಸಿನಲ್ಲಿದೆ ಎಂದು ಅದನ್ನು ಓದಿದಾಗ ಅನ್ನಿಸಿತು.

ಪ್ಯಾನಲ್ ಬೋರ್ಡಿನ ಎತ್ತರದ ಕಟ್ಟೆ ಹಣಕಾಸು ಆಯೋಗದ ನೀರಿನ ಪಾಲಿನಲ್ಲೇ ಮುಗಿಯಿತು. ವಾರ್ಡ್‌ವಾರು ಹಂಚುವ ಮೊದಲೇ ಆ ಮೊತ್ತವನ್ನು ತೆಗೆದಿಡುವಂತೆ ಸದಸ್ಯರನ್ನು ಒಪ್ಪಿಸಲು, ಅವರನ್ನೇ ಜಾಕ್‌ವೆಲ್ಲಿಗೆ ಕರೆದುಕೊಂಡು ಹೋಗಿ ಗೋಡೆಯ ಮೇಲಿನ ಪ್ರವಾಹದ ಗುರುತು ತೋರಿಸಿದೆ. ಹೊರಗುಳಿದ ಮೂರು ಊರುಗಳ ಪೈಕಿ ಒಂದು ತನ್ನ ವಿದ್ಯುತ್ ಬಾಕಿ ತೀರಿಸುತ್ತಿದೆ. ಅವರ ಪಂಪ್‌ಗಳ ಮರು ಅಳತೆಗೆ ಅದೇ ಕಾಲೇಜಿನ ಮೀಟರನ್ನು ಮುಂದಿನ ತಿಂಗಳ ಎರಡನೇ ವಾರಕ್ಕೆ ಕೇಳಿದ್ದೇವೆ, ಜೀಪು ನಮ್ಮ ಪುರಸಭೆಯದು.